ಮನೆತನದ ಮೂಲ: ಕಡತದ ಮಾತು, ಹಿರಿಯರ ಮಾತು

ಮನೆತನದ ಮೂಲವನ್ನು ಅರಸಬೇಕೆಂಬ ಹಂಬಲ ಈಚೆಗೆ ವಿದ್ಯಾವಂತ ಕುಟುಂಬಗಳಲ್ಲಿ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಉದ್ಯೋಗ ನಿಮಿತ್ತ ಊರು ಬಿಟ್ಟು ಪಟ್ಟಣ ಸೇರಿದವರ ಮಕ್ಕಳು ಮೊಮ್ಮಕ್ಕಳು ಜಾತ್ರೆಗೋ ಲಗ್ನಕ್ಕೋ ಹಳ್ಳಿಗೆ ಬಂದಾಗ, ಪಡಸಾಲೆಯಲ್ಲಿ ಕುಳಿತ ಹಿರಿಯರನ್ನು ಸುತ್ತುವರಿದು, ಮುತ್ತಜ್ಜನ ಹೆಸರೇನು, ಆತ ಯಾವ ಊರಿನಿಂದ ಬಂದ, ಮನೆಗೆ ಈ ಅಡ್ಡಹೆಸರು ಹೇಗೆ ಅಂಟಿತು ಎಂದು ಕೇಳುತ್ತಾರೆ. ಕೇಳಿದುದನ್ನು ಬರೆದಿಟ್ಟುಕೊಳ್ಳುತ್ತಾರೆ, ಅಚ್ಚು ಹಾಕಿಸಿ ಬಂಧುಬಳಗಕ್ಕೆ ಹಂಚುವವರೂ ಉಂಟು. ಆದರೆ ಹೀಗೆ ಹೊರಬರುವ ವಂಶಾವಳಿಗಳಲ್ಲಿ ಬಹುಪಾಲು ಎರಡು ಬಗೆಯವು. ಒಂದು ಬಗೆಯವು ಕಿವಿಗೆ ಬಿದ್ದುದೆಲ್ಲವನ್ನೂ ಇತಿಹಾಸವೆಂದು ಸ್ವೀಕರಿಸುತ್ತವೆ. ಇನ್ನೊಂದು ಬಗೆಯವು ಸರಕಾರದ ಮುದ್ರೆಯಿಲ್ಲದ ಮಾತನ್ನೆಲ್ಲ ಕಟ್ಟುಕಥೆಯೆಂದು ತಳ್ಳಿಹಾಕುತ್ತವೆ. ವಿಚಿತ್ರವೆಂದರೆ ಈ ಎರಡು ಬಗೆಯವೂ ಒಂದು ವಿಷಯದಲ್ಲಿ ಸಂಪೂರ್ಣವಾಗಿ ಒಮ್ಮತದಲ್ಲಿವೆ: ಮನೆಯ ಅರ್ಧ ಜನರಾದ ಹೆಣ್ಣುಮಕ್ಕಳು ಎರಡರಲ್ಲಿಯೂ ಇರುವುದಿಲ್ಲ.

ಹುಟ್ಟಿನ ಹಿರಿಮೆಯನ್ನು ಅಲ್ಲಗಳೆದ ಶರಣರ ನಾಡಿನಲ್ಲಿ ವಂಶದ ಶೋಧಕ್ಕೆ ಏನು ಬೆಲೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಹನ್ನೆರಡನೆಯ ಶತಮಾನದ ಶರಣರು ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಒಕ್ಕಲಿಗ ಮುದ್ದಣ್ಣ ಎಂದು ತಮ್ಮ ಕಾಯಕದಿಂದ ಗುರುತಿಸಲ್ಪಟ್ಟರೇ ಹೊರತು ಪೂರ್ವಜರ ಪಟ್ಟಿಯಿಂದಲ್ಲ. ಆದುದರಿಂದ ಹಿರಿಮೆಯ ಪುರಾವೆಗಾಗಿ ವಂಶವನ್ನು ಹುಡುಕುವುದಾದರೆ ಆ ಕೆಲಸವನ್ನು ಕೈಬಿಡುವುದೇ ಲೇಸು. ಆದರೆ ತನ್ನ ಮನೆಯವರು ಯಾವ ಬರದಲ್ಲಿ ಬದುಕಿ ಉಳಿದರು, ಯಾರ ಹೊಲದಲ್ಲಿ ದುಡಿದರು, ಯಾವ ಊರಿನ ಹೆಣ್ಣನ್ನು ಮನೆತುಂಬಿಸಿಕೊಂಡರು ಎಂಬುದನ್ನು ತಿಳಿಯಬಯಸುವುದು ಬೇರೆಯೇ ಮಾತು. ಅದು ಅಭಿಮಾನಕ್ಕಿಂತ ಋಣದ ಲೆಕ್ಕಕ್ಕೆ ಹತ್ತಿರವಾದುದು.

ಹಿರಿಮೆಯ ಆಸೆ ಸಾಮಾನ್ಯರಿಗಷ್ಟೇ ಇದ್ದುದಲ್ಲ, ಅರಸರಿಗೂ ಇತ್ತು. ಕಲ್ಯಾಣದ ಚಾಲುಕ್ಯರ ಹನ್ನೊಂದನೆಯ ಶತಮಾನದ ತಾಮ್ರಶಾಸನಗಳು ತಮ್ಮ ವಂಶದ ೫೯ ಅರಸರು ಅಯೋಧ್ಯೆಯಲ್ಲಿ ಆಳಿದರೆಂದು ಹೇಳುತ್ತವೆ. ಅದಕ್ಕೂ ಸುಮಾರು ನಾಲ್ಕು ಶತಮಾನ ಹಿಂದಿನ, ೬೩೪ರ ಐಹೊಳೆಯ ಶಾಸನದಲ್ಲಿ ಬಾದಾಮಿಯ ಚಾಲುಕ್ಯರ ಕೀರ್ತಿಯೆಲ್ಲ ಬಂದಿದೆ, ಆದರೆ ಅಯೋಧ್ಯೆಯ ಸುದ್ದಿಯಿಲ್ಲ. ಮೂಲಕ್ಕೆ ಸಮೀಪದಲ್ಲಿದ್ದವರಿಗೆ ತಿಳಿಯದಿದ್ದ ಸಂಗತಿ ದೂರದಲ್ಲಿದ್ದವರಿಗೆ ತಿಳಿಯಿತೆಂದರೆ ಅದು ಹೇಗೆಂದು ಕೇಳಲೇಬೇಕಾಗುತ್ತದೆ. ಕಾಲ ಕಳೆದಂತೆ ಪೂರ್ವಜರ ಸಂಖ್ಯೆಯೂ ವೈಭವವೂ ಬೆಳೆಯುತ್ತಾ ಹೋದರೆ ಎಚ್ಚರಗೊಳ್ಳಬೇಕೆಂಬ ಪಾಠ ಮನೆತನದ ಚರಿತ್ರೆಕಾರನಿಗೂ ಅನ್ವಯಿಸುತ್ತದೆ. ‘ಹಂಪೆ ಹಾಳಾದ ಮೇಲೆ ಈ ಕಡೆ ಬಂದವರು’ ಎಂದು ಆರಂಭವಾಗುವ ಮನೆತನದ ಕಥೆಗಳಿಗೆ ಕನ್ನಡ ನಾಡಿನಲ್ಲಿ ಕೊರತೆಯಿಲ್ಲ. ಹಂಪೆ ಹಾಳಾದುದು ೧೫೬೫ರಲ್ಲಿ. ಅಲ್ಲಿಂದ ಮನೆಯವರು ನಿಶ್ಚಯವಾಗಿ ಹೇಳಬಲ್ಲ ಮೊದಲ ಹೆಸರಿನವರೆಗೆ ಇನ್ನೂರು, ಮುನ್ನೂರು ವರ್ಷಗಳ ಅಂತರವಿರುತ್ತದೆ; ಆ ಅಂತರದ ಮೇಲೆ ಒಂದೇ ವಾಕ್ಯದ ಸೇತುವೆ ಕಟ್ಟಲಾಗಿರುತ್ತದೆ.

ಬಾಯಿಮಾತಿನ ಪರಂಪರೆಯಲ್ಲಿ ಅತ್ಯಂತ ಶಿಸ್ತಿನದು ಹೆಳವರದು. ಉತ್ತರ ಕರ್ನಾಟಕದ ಒಕ್ಕಲುತನದ ಮನೆಗಳಿಗೆ ಹೆಳವನ ಪರಿಚಯ ಬೇಕಿಲ್ಲ. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಎತ್ತನ್ನೇರಿ ಊರಿಗೆ ಬಂದು, ಒಕ್ಕಲಿನ ಮನೆಯ ಮುಂದೆ ನಿಂತು, ಆ ಮನೆಯ ಮೂಲಪುರುಷನಿಂದ ಮೊದಲುಗೊಂಡು ಅಣ್ಣತಮ್ಮಂದಿರ ಕವಲುಗಳನ್ನು ಬಿಡಿಸಿ, ಯಾರು ಯಾವ ಊರಿಗೆ ಹೋಗಿ ನೆಲಸಿದರು, ಯಾರ ಸಂತಾನ ನಿಂತಿತು ಎಂಬುದನ್ನು ಆತ ಓತಪ್ರೋತವಾಗಿ ಹೇಳುತ್ತಿದ್ದ. ಹಿಂದಿನ ಸಲ ಬಂದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಕೇಳಿ ತನ್ನ ಪುಸ್ತಕದಲ್ಲಿ ಸೇರಿಸಿಕೊಳ್ಳುತ್ತಿದ್ದ. ಕಾಳು, ಬಟ್ಟೆ, ಹಣ, ಅನುಕೂಲವಿದ್ದವರ ಮನೆಯಲ್ಲಿ ದನಕರು ಅವನಿಗೆ ಸಲ್ಲುತ್ತಿದ್ದ ಮರ್ಯಾದೆ. ಇಂತಿಂಥ ಊರು, ಇಂತಿಂಥ ಒಕ್ಕಲು ಇಂಥ ಹೆಳವ ಮನೆತನಕ್ಕೆ ಸೇರಿದ್ದು ಎಂಬ ಕಟ್ಟುಪಾಡು ಅವರೊಳಗೇ ಇದ್ದುದರಿಂದ ಒಂದು ಮನೆಯ ವಂಶಾವಳಿ ತಲೆಮಾರಿನಿಂದ ತಲೆಮಾರಿಗೆ ಒಂದೇ ಕೈಯಲ್ಲಿ ಉಳಿಯಿತು. ಎತ್ತಿನ ಬದಲು ವಾಹನದಲ್ಲಿ ಬರುವ ಹೆಳವರು ಇಂದಿಗೂ ಅಲ್ಲಲ್ಲಿ ಉಂಟು. ಆದರೆ ಅವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ, ಹಿಡಿಯಬೇಕಾದುದೂ ಸರಿಯೇ. ಊರೂರು ತಿರುಗಿ ಪರರ ವಂಶ ಹಾಡುವವರ ಮಕ್ಕಳಿಗೆ ಒಂದು ನೆಲೆಯೂ ಶಾಲೆಯೂ ತಪ್ಪಿದ ಕಷ್ಟವನ್ನು ಮರೆತು, ಪರಂಪರೆ ಅಳಿಯಿತೆಂದು ಅಳುವುದು ಉಂಡವರ ವ್ಯಸನವೆನ್ನಬೇಕು.

ಹೆಳವನ ಮಾತಿಗೆ ತೂಕವಿದೆ, ಏಕೆಂದರೆ ಅದು ಮನೆಯವರ ನೆನಪಿಗೆ ಹೊರಗಿನ ಸಾಕ್ಷಿ. ಮನೆಯವರು ಮರೆಯಬಯಸುವ ಕವಲನ್ನು, ಜಗಳವಾಡಿ ಊರು ಬಿಟ್ಟ ತಮ್ಮನ ಸಂತತಿಯನ್ನು ಆತ ಮರೆಯುವುದಿಲ್ಲ. ಅವರೂ ಅವನ ಒಕ್ಕಲೇ ತಾನೆ. ಆದರೆ ಅವನ ಮಾತಿಗೂ ಒಂದು ಮಿತಿಯುಂಟು. ದಾನ ಕೊಡುವವನ ಎದುರು ನಿಂತು ಹೇಳುವ ವಂಶಾವಳಿಯಲ್ಲಿ ದಾನಿಯ ಪೂರ್ವಜ ಕಳ್ಳನಾಗಿರಲಿಕ್ಕಿಲ್ಲ, ಹೇಡಿಯಾಗಿರಲಿಕ್ಕಿಲ್ಲ. ಇದು ಕರ್ನಾಟಕದ ಹೆಳವನಿಗೆ ಮಾತ್ರ ಅಂಟಿದ ದೋಷವಲ್ಲ. ೧೯೭೬ರಲ್ಲಿ ಅಮೆರಿಕದ ಕರಿಯ ಜನಾಂಗದ ಲೇಖಕ ಅಲೆಕ್ಸ್ ಹೇಲಿ ‘ರೂಟ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದಾಗ ಜಗತ್ತು ಬೆರಗಾಯಿತು. ಗುಲಾಮನಾಗಿ ಒಯ್ಯಲ್ಪಟ್ಟ ತನ್ನ ಪೂರ್ವಜನ ಹೆಸರನ್ನು ಪಶ್ಚಿಮ ಆಫ್ರಿಕದ ಗ್ಯಾಂಬಿಯಾದ ಜುಫೂರೆ ಎಂಬ ಹಳ್ಳಿಯಲ್ಲಿ ವಂಶಾವಳಿ ಹೇಳುವವನೊಬ್ಬನ ಬಾಯಿಂದ ಆತ ಕೇಳಿದ್ದ. ಕೆಲವೇ ವರ್ಷಗಳಲ್ಲಿ ಇತಿಹಾಸಕಾರರು ಅದನ್ನು ಪರಿಶೀಲಿಸಿದಾಗ, ಹೇಲಿ ಏನನ್ನು ಹುಡುಕುತ್ತಿದ್ದಾನೆಂಬುದು ಅಲ್ಲಿಯವರಿಗೆ ಮೊದಲೇ ತಿಳಿದಿತ್ತೆಂದೂ, ಅಮೆರಿಕದ ದಾಖಲೆಗಳು ಅವನ ಕಥೆಗೆ ಹೊಂದುವುದಿಲ್ಲವೆಂದೂ ಕಂಡುಬಂತು. ಆ ಗ್ರಂಥ ಒಂದು ಇಡೀ ಜನಾಂಗಕ್ಕೆ ತನ್ನ ಹಿಂದನ್ನು ಹುಡುಕುವ ಧೈರ್ಯ ಕೊಟ್ಟಿತೆಂಬುದು ನಿಜ. ಕೇಳುವವನ ಆಸೆ ಹೇಳುವವನ ನಾಲಗೆಯನ್ನು ತಿದ್ದುತ್ತದೆಂಬುದೂ ಅಷ್ಟೇ ನಿಜ.

ಹಾಗಾದರೆ ಲಿಖಿತ ದಾಖಲೆ ನಿಷ್ಪಕ್ಷಪಾತಿಯೇ? ಇದು ವಿದ್ಯಾವಂತರು ಸಾಮಾನ್ಯವಾಗಿ ಕೇಳದೆ ಬಿಡುವ ಪ್ರಶ್ನೆ. ಕಾಗದಕ್ಕೆ ನಾಲಗೆಯಿಲ್ಲ ನಿಜ. ಆದರೆ ಯಾವ ಕಾಗದವೂ ವಂಶದ ಚರಿತ್ರೆ ಉಳಿಯಲೆಂದು ಹುಟ್ಟಿದುದಲ್ಲ. ಕಂದಾಯಕ್ಕಾಗಿ, ವತನಕ್ಕಾಗಿ, ಇನಾಮಿಗಾಗಿ, ವ್ಯಾಜ್ಯಕ್ಕಾಗಿ ಹುಟ್ಟಿದುದು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ೧೮೫೨ರ ಕಾಯ್ದೆಯ ಬಲದಿಂದ ಇನಾಂ ಕಮಿಷನ್ ವಿಚಾರಣೆ ನಡೆಸಿದಾಗ, ಇನಾಂ ಭೂಮಿಯುಳ್ಳ ಮನೆತನಗಳು ತಮ್ಮ ಹಕ್ಕು ಎಲ್ಲಿಂದ ಬಂತು, ಯಾರಿಂದ ಯಾರಿಗೆ ಇಳಿಯಿತು ಎಂಬುದನ್ನು ತೋರಿಸಬೇಕಾಯಿತು. ಹಾಗೆ ಸಲ್ಲಿಸಿದ ವಂಶಾವಳಿಗಳು ಇಂದು ಸಂಶೋಧಕನಿಗೆ ನಿಧಿ. ಆದರೆ ಅವು ಹೊಲ ಉಳಿಸಿಕೊಳ್ಳಲು ಹೇಳಿದ ಸಾಕ್ಷ್ಯಗಳೆಂಬುದನ್ನು ಮರೆಯಬಾರದು. ಹಕ್ಕಿಗೆ ತೊಡಕಾಗಬಹುದಾದ ದಾಯಾದಿ ಅಲ್ಲಿ ಕಾಣದಿದ್ದರೆ ಆಶ್ಚರ್ಯವಿಲ್ಲ. ದತ್ತಕ ಬಂದವನು ಹೊಟ್ಟೆಯಲ್ಲಿ ಹುಟ್ಟಿದವನಂತೆ ಕಾಣಿಸಿದರೂ ಆಶ್ಚರ್ಯವಿಲ್ಲ.

ದತ್ತಕದ ಮಾತು ಬಂದಾಗ ಕಿತ್ತೂರನ್ನು ನೆನೆಯದಿರುವುದು ಸಾಧ್ಯವಿಲ್ಲ. ೧೮೨೪ರ ಸೆಪ್ಟಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡುದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ದತ್ತಕದ ಸಾಚಾತನವನ್ನೇ ಶಂಕಿಸಿದ. ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಆತ ಹತನಾದ. ರಾಣಿ ಚೆನ್ನಮ್ಮನ ಹೋರಾಟವನ್ನು ಸ್ವಾತಂತ್ರ್ಯದ ಮೊದಲ ಕಿಡಿಯೆಂದು ಶಾಲೆಗಳಲ್ಲಿ ಕಲಿಸುವುದು ಯೋಗ್ಯವೇ. ಅದರ ಜೊತೆಗೆ, ಒಂದು ಮನೆಯ ಮಗನಾರು ಎಂದು ತೀರ್ಮಾನಿಸುವ ಅಧಿಕಾರ ಮನೆಯವರದೋ ಕಚೇರಿಯದೋ ಎಂಬ ಪ್ರಶ್ನೆಯೂ ಅಲ್ಲಿತ್ತೆಂದು ಕಲಿಸಬಹುದು. ೧೮೫೮ರಲ್ಲಿ ನರಗುಂದದ ಬಾಬಾಸಾಹೇಬ ದಂಗೆಯೆದ್ದುದಕ್ಕೂ ದತ್ತಕಕ್ಕೆ ಅನುಮತಿ ದೊರೆಯದಿದ್ದುದು ಒಂದು ಕಾರಣ. ವಂಶಾವಳಿಯೆಂಬುದು ಪಡಸಾಲೆಯ ಹರಟೆಯಷ್ಟೇ ಅಲ್ಲವೆಂಬುದಕ್ಕೆ ಇವೆರಡು ನಿದರ್ಶನಗಳು ಸಾಕು.

ಹೊಲ, ವತನ, ಇನಾಂ ಇದ್ದವರ ಪಾಡೇ ಹೀಗಾದರೆ ಇಲ್ಲದವರ ಪಾಡೇನು? ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸರ್ವೆ ನಡೆದು ಪ್ರತಿ ಹೊಲಕ್ಕೂ ನಂಬರು ಬಿದ್ದಿತು; ೧೯೦೩ರ ಕಾಯ್ದೆಯಿಂದ ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆ ಬಂದಿತು. ಅಂದಿನಿಂದ ಖಾತೆದಾರನ ಮನೆತನವನ್ನು ಫೇರಫಾರುಗಳ ಎಳೆ ಹಿಡಿದು ಮೂರು ನಾಲ್ಕು ತಲೆಮಾರು ಹಿಂದಕ್ಕೆ ಒಯ್ಯಬಹುದು. ಲಾವಣಿಗೋ ಪಾಲಿಗೋ ಮಾಡಿದವನ ಹೆಸರು ಸಾಗುವಳಿಯ ಕಲಂನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೂಲಿಯವನ ಹೆಸರಂತೂ ಇಲ್ಲವೇ ಇಲ್ಲ. ಹೀಗೆ ನೂರು ವರ್ಷ ಒಂದೇ ಹೊಲವನ್ನು ಉತ್ತ ಮನೆಯವರು ಆ ಹೊಲದ ಕಾಗದದಲ್ಲಿ ಎಲ್ಲಿಯೂ ಇರದಿರುವುದು ಸಾಧ್ಯವಾಯಿತು. ಅವರು ಮೊದಲ ಬಾರಿಗೆ ಕಾಗದಕ್ಕೆ ಬಂದುದು ಬಹುಶಃ ೧೯೭೪ರ ನಂತರ. ಆ ವರ್ಷದ ಮಾರ್ಚ್ ೧ರಿಂದ ಗೇಣಿಯ ಭೂಮಿ ಸರಕಾರದಲ್ಲಿ ನಿಹಿತವಾಗಿ, ಉಳುವವನು ನಮೂನೆ ೭ರಲ್ಲಿ ಅರ್ಜಿ ಹಾಕಿ ಭೂ ನ್ಯಾಯ ಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ಸಿದ್ಧಪಡಿಸಬೇಕಾಯಿತು. ಅಪ್ಪ ಉತ್ತ, ಅಜ್ಜ ಉತ್ತ, ಇಂಥ ವರ್ಷ ಬಾವಿ ತೋಡಿದೆವು, ಇಷ್ಟು ಚೀಲ ಜೋಳ ಅಳೆದೆವು ಎಂಬ ಹೇಳಿಕೆಗಳು ಆ ಕಡತಗಳಲ್ಲಿವೆ. ಮನೆತನದ ಮೂಲ ಹುಡುಕುವವರು ತಾಮ್ರಪಟ, ಸನದುಗಳ ಕಡೆಗೆ ಓಡುತ್ತಾರೆ. ಭೂ ನ್ಯಾಯ ಮಂಡಳಿಯ ಕಡತವನ್ನು ಬಿಚ್ಚಿ ನೋಡುವವರು ವಿರಳ. ಅಲ್ಲಿ ಬಾಯಿಮಾತೇ ದಾಖಲೆಯಾಗಿದೆ. ಎದುರಾಳಿಯ ಸವಾಲಿಗೆ ಒಳಗಾದ ಬಾಯಿಮಾತು ಎಂಬುದು ಅದರ ವಿಶೇಷ.

ಇನ್ನು ಲಿಪಿ, ಭಾಷೆಗಳ ತೊಡಕು. ೧೯೫೬ರವರೆಗೆ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರ ಫಲವಾಗಿ, ಬೆಳಗಾವಿ ಧಾರವಾಡ ವಿಜಾಪುರಗಳ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಮರಾಠಿ, ಕಲಬುರ್ಗಿ ರಾಯಚೂರು ಬೀದರಗಳಲ್ಲಿ ಉರ್ದು, ಪಾರಸಿ, ಮೈಸೂರಿನಲ್ಲಿ ಕನ್ನಡ ಎದುರಾಗುತ್ತವೆ. ನಿಜಾಮ ಸೀಮೆಯ ಕಾಗದದಲ್ಲಿ ಫಸಲಿ ವರ್ಷವಿದ್ದರೆ ಅದಕ್ಕೆ ೫೯೦ ಸೇರಿಸಿ ಇಸವಿಯನ್ನು ಹೆಚ್ಚುಕಡಿಮೆ ಗೊತ್ತುಮಾಡಬಹುದು.

ಕಾಲನಿರ್ಣಯದಲ್ಲಿ ಹಿರಿಯರ ಮಾತು ಎಡವುವುದೂ ನೆರವಾಗುವುದೂ ಒಂದೇ ಕಾರಣದಿಂದ. ಅವರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಇಲ್ಲವೆ ಬರ, ಬೇನೆಗಳ ಗುರುತು ಹೇಳುತ್ತಾರೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಧಾತು ಸಂವತ್ಸರ ೧೮೧೬ರಲ್ಲಿ ಬಂದಿತ್ತು, ೧೮೭೬ರಲ್ಲಿ ಬಂದಿತು, ೧೯೩೬ರಲ್ಲಿ ಮತ್ತೆ ಬಂದಿತು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ವಾಡಿಕೆಯೂ ಇದರೊಂದಿಗೆ ಕೂಡಿದಾಗ ಒಂದೇ ಹೆಸರಿನ ಇಬ್ಬರು ಒಬ್ಬನಾಗಿ ಬೆಸೆದುಹೋಗುತ್ತಾರೆ. ಇನ್ನೂರು ವರ್ಷಕ್ಕೆ ಏಳು ಎಂಟು ತಲೆಮಾರು ಇರಬೇಕಾದಲ್ಲಿ ನಾಲ್ಕೇ ಹೆಸರು ದೊರೆತರೆ, ನಡುವೆ ಯಾರೋ ಹೀಗೆ ಕರಗಿಹೋಗಿದ್ದಾರೆಂದೇ ತಿಳಿಯಬೇಕು. ಆದರೆ ‘ಧಾತು ಈಶ್ವರ ಬರದಾಗ ಹಿರಿಯರು ಗುಳೆ ಹೋದರು’ ಎಂಬ ಮಾತು ಬಂದಾಗ ಅನುಮಾನಕ್ಕೆಡೆಯಿಲ್ಲ. ಅದು ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮ. ಅಂದಿನ ಕಲಾದಗಿ, ಧಾರವಾಡ ಜಿಲ್ಲೆಗಳ ಜನಸಂಖ್ಯೆ ಎಷ್ಟು ಕುಸಿಯಿತೆಂಬುದನ್ನು ೧೮೭೨ರ ಮತ್ತು ೧೮೮೧ರ ಜನಗಣತಿಗಳು ಹೇಳುತ್ತವೆ. ಆ ಎರಡು ಗಣತಿಗಳ ನಡುವೆ ಊರು ಬಿಟ್ಟವರು ಯಾರು, ಮರಳಿದವರು ಯಾರು, ಯಾವ ಮನೆಯ ದೀಪ ಆರಿತು ಎಂಬುದನ್ನು ಹೇಳಬಲ್ಲುದು ಮನೆಯ ಮಾತು ಮಾತ್ರ. ಗಣತಿಯ ಪುಸ್ತಕದಲ್ಲಿ ಹೆಸರುಗಳಿಲ್ಲ, ಅಂಕಿಗಳಷ್ಟೇ ಇವೆ. ಅಂಕಿ ಒಂದು ಕಡೆ, ಹೆಸರು ಇನ್ನೊಂದು ಕಡೆ ಇರುವಾಗ ಒಂದನ್ನು ನಂಬಿ ಇನ್ನೊಂದನ್ನು ಬಿಡುವುದು ಜಾಣತನವಲ್ಲ.

ಅಡ್ಡಹೆಸರುಗಳೂ ಒಂದು ಬಗೆಯ ದಾಖಲೆಯೇ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ, ಜವಳಿ ಎಂಬ ಮನೆತನದ ಹೆಸರುಗಳನ್ನು ಕೇಳಿ ಹೊರಗಿನವರು ನಗುವುದುಂಟು. ನಗುವವರಿಗೆ ತಿಳಿಯದ ಸಂಗತಿಯೆಂದರೆ, ಅವುಗಳಲ್ಲಿ ಒಂದು ಕಾಲದ ಪೇಟೆಯೇ ಅಡಗಿದೆ. ಪಾಟೀಲ, ದೇಸಾಯಿ ಎಂಬ ಹೆಸರುಗಳು ಅಧಿಕಾರವನ್ನು ಹೇಳಿದರೆ ಇವು ದುಡಿಮೆಯನ್ನು ಹೇಳುತ್ತವೆ. ಇಂತಹ ಮನೆಗಳಲ್ಲಿ ಅಟ್ಟದ ಮೇಲೆ ಕೀರ್ದಿ, ಖತಾವಣಿಗಳೇನಾದರೂ ಉಳಿದಿದ್ದರೆ ಅವುಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಮಠಗಳಲ್ಲಿರುವ ಕಾಣಿಕೆಯ ಲೆಕ್ಕ, ದಾಸೋಹಕ್ಕೆ ಜೋಳ ಕೊಟ್ಟವರ ಯಾದಿಗಳಿಗೂ ಈ ಮಾತು ಸಲ್ಲುತ್ತದೆ.

ಇಷ್ಟೆಲ್ಲ ಮೂಲಗಳನ್ನು ಕೂಡಿಸಿದರೂ ಹೆಣ್ಣುಮಕ್ಕಳು ಎಲ್ಲಿ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸರಕಾರದ ಕಾಗದ ಗಂಡಿನಿಂದ ಗಂಡಿಗೆ ಹರಿಯುತ್ತದೆ. ಹೆಳವನ ಹಾಡಿಕೆಯೂ ಪ್ರಧಾನವಾಗಿ ಅದೇ ಸಾಲನ್ನು ಹಿಡಿದು ಸಾಗುತ್ತದೆ. ಮದುವೆಯಾಗಿ ಬಂದ ಹೆಣ್ಣಿಗೆ ಗಂಡನ ಮನೆಯಲ್ಲಿ ಹೊಸ ಹೆಸರಿಡುವ ಪದ್ಧತಿ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿತ್ತು. ತವರಿನವರ ಬಾಯಲ್ಲಿ ಒಂದು ಹೆಸರು, ಅತ್ತೆಯ ಮನೆಯವರ ಬಾಯಲ್ಲಿ ಇನ್ನೊಂದು. ಎರಡೂ ಒಬ್ಬಳದೇ ಎಂದು ಬಲ್ಲವರು ತೀರಿಕೊಂಡ ಮೇಲೆ ಆಕೆ ಎರಡೂ ಕಡೆ ಕಳೆದುಹೋಗುತ್ತಾಳೆ. ಇತ್ತ ಗಂಡನ ಹೆಸರನ್ನು ನೇರವಾಗಿ ಹೇಳಬಾರದೆಂದು ಒಡಪು ಕಟ್ಟಿ ಹೇಳುತ್ತಿದ್ದ ಆಕೆಯೇ ಗಂಡನ ಮನೆಯ ನಾಲ್ಕು ತಲೆಮಾರಿನ ಕಥೆಯನ್ನು ಮೊಮ್ಮಕ್ಕಳಿಗೆ ದಾಟಿಸಿದವಳು. ಯಾರ ತವರು ಯಾವುದು, ಯಾವ ಊರಿಗೆ ಕೊಟ್ಟು ತಂದ ಸಂಬಂಧವಿದೆ, ಹೆರಿಗೆಯಲ್ಲಿ ಸತ್ತವಳು ಯಾರು, ಅವಳ ಕೂಸನ್ನು ಸಾಕಿದವಳು ಯಾರು ಎಂಬುದನ್ನು ಯಾವ ದಫ್ತರವೂ ಹೇಳಲಾರದು. ವಂಶಾವಳಿಗಾಗಿ ಅಜ್ಜನನ್ನು ಕೇಳುವವರು ಮೊದಲು ಅಜ್ಜಿಯನ್ನು ಕೇಳಬೇಕು. ಅಜ್ಜ ಹೇಳುವುದು ಹೊಲದ ಸುದ್ದಿ, ಅಜ್ಜಿ ಹೇಳುವುದು ಜನರ ಸುದ್ದಿ.

ಇದು ಕೇವಲ ಭಾವನೆಯ ವಿಷಯವೆಂದು ಯಾರೂ ತಿಳಿಯಬಾರದು. ಯಜಮಾನ ತೀರಿಕೊಂಡಾಗ ಪೌತಿ ಖಾತೆಗಾಗಿ ವಂಶವೃಕ್ಷ ಬರೆದು ಕೊಡಬೇಕಾಗುತ್ತದೆ. ಆ ಹಾಳೆಯ ಮೇಲೆ ಗಂಡುಮಕ್ಕಳ ಹೆಸರು ಬರೆದು, ಲಗ್ನವಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟುಬಿಡುವುದು ಎಷ್ಟೋ ಮನೆಗಳಲ್ಲಿ ನಡೆದುಬಂದಿದೆ. ಬಿಟ್ಟವರು ಅನೇಕ ಸಲ ಮೋಸದ ಬುದ್ಧಿಯವರೂ ಅಲ್ಲ. ‘ಆಕಿ ಬ್ಯಾರೆ ಮನಿಯಾಕಿ’ ಎಂಬ ಮಾತನ್ನು ನಿಜವೆಂದು ನಂಬಿದವರು. ಆದರೆ ಕಾನೂನು ಬೇರೆಯೇ ಹೇಳುತ್ತದೆ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಪಾಲಿನಲ್ಲಿ ಮಗಳನ್ನು ವಾರಸುದಾರಳನ್ನಾಗಿ ಮಾಡಿತು. ಕರ್ನಾಟಕದ ತಿದ್ದುಪಡಿ ೧೯೯೪ರಿಂದ ಜಾರಿಗೆ ಬಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ೨೦೦೫ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ೨೦೨೦ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಮಗಳಿಗೆ ಈ ಹಕ್ಕು ಬರಲು ೨೦೦೫ರಲ್ಲಿ ತಂದೆ ಜೀವಂತವಿರಬೇಕೆಂಬ ನಿರ್ಬಂಧವಿಲ್ಲವೆಂದು ಸ್ಪಷ್ಟಪಡಿಸಿತು. ಹೀಗಿರುವಾಗ ವಂಶವೃಕ್ಷದಿಂದ ಮಗಳ ಹೆಸರನ್ನು ಬಿಡುವುದು ಅಪೂರ್ಣ ಚರಿತ್ರೆಯೆನಿಸುವುದಷ್ಟೇ ಅಲ್ಲ, ಸುಳ್ಳು ಹೇಳಿಕೆಯೂ ಆಗುತ್ತದೆ. ಪಾಲು ಬೇಡವೆಂದು ಅಕ್ಕತಂಗಿಯರು ತಾವಾಗಿ ಬಿಟ್ಟುಕೊಡುವುದು ಅವರ ಔದಾರ್ಯ. ಅವರು ಹುಟ್ಟಿಯೇ ಇಲ್ಲವೆಂಬಂತೆ ಬರೆಯುವುದಕ್ಕೆ ಆ ಹೆಸರು ಒಪ್ಪುವುದಿಲ್ಲ. ಅಚ್ಚಾದ ವಂಶಾವಳಿಗಳಲ್ಲಿ ಹೆಣ್ಣಿನ ಹೆಸರು ಇದ್ದಿದ್ದರೆ ನಾಡಕಚೇರಿಯ ಹಾಳೆಯಲ್ಲಿ ಅದನ್ನು ಬಿಡುವುದು ಅಷ್ಟು ಸಲೀಸಾಗುತ್ತಿರಲಿಲ್ಲ.

ಶಿಕ್ಷಕರಿಗೆ ಈ ವಿಷಯದಲ್ಲಿ ವಿಶೇಷವಾದ ಹೊಣೆಯಿದೆ, ಏಕೆಂದರೆ ಬಡವನಿಗೂ ಬಲ್ಲಿದನಿಗೂ ಸಮಾನವಾಗಿ ದೊರೆತ ಮೊದಲ ದಾಖಲೆ ಶಾಲೆಯ ದಾಖಲಾತಿ ರಜಿಸ್ಟರು. ಹೊಲವಿಲ್ಲದವನ ಮಗನ ಹೆಸರು ತಂದೆಯ ಹೆಸರು, ಊರು, ಉದ್ಯೋಗಗಳೊಡನೆ ಬರೆಯಲ್ಪಟ್ಟುದು ಅದರಲ್ಲಿ. ಜನನ ಮರಣಗಳ ನೋಂದಣಿ ೧೯೬೯ರ ಕಾಯ್ದೆ ಬಂದ ಮೇಲೆಯೂ ಹಳ್ಳಿಗಳಲ್ಲಿ ಬಹುಕಾಲ ಸರಿಯಾಗಿ ನಡೆಯಲಿಲ್ಲವಾದುದರಿಂದ, ಎಷ್ಟೋ ಜನರಿಗೆ ಹುಟ್ಟಿದ ದಿನವನ್ನು ಕೊಟ್ಟವರು ಶಾಲೆಯ ಮಾಸ್ತರರೇ. ಕರ್ನಾಟಕದ ಹಿರಿಯರಲ್ಲಿ ಅಸಂಖ್ಯಾತರು ಜೂನ್ ೧ರಂದೇ ಹುಟ್ಟಿದರೆಂಬ ಪವಾಡದ ಗುಟ್ಟು ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ಆದುದರಿಂದ ಈ ರಜಿಸ್ಟರನ್ನು ಕೂಡ ಓದಲು ಬಲ್ಲವರೇ ಓದಬೇಕು. ತಿಂಗಳು, ತಾರೀಖುಗಳನ್ನು ನಂಬಬಾರದು; ತಂದೆಯ ಹೆಸರು, ಊರು, ಹಿಂದೆ ಕಲಿತ ಶಾಲೆ, ಬಿಟ್ಟ ದಿನ ಇವುಗಳನ್ನು ಹೆಚ್ಚಾಗಿ ನಂಬಬಹುದು. ತಾಯಿಯ ಹೆಸರಿಗೆ ಕಲಂ ದೊರೆತುದು ಬಹಳ ತಡವಾಗಿ.

ಹಳೆಯ ರಜಿಸ್ಟರುಗಳ ಇಂದಿನ ಸ್ಥಿತಿ ಮಾತ್ರ ಶೋಚನೀಯ. ಕಂದಾಯ ಇಲಾಖೆಯ ಪಹಣಿಗಳು ‘ಭೂಮಿ’ ಯೋಜನೆಯಿಂದ ಎರಡು ದಶಕಗಳ ಹಿಂದೆಯೇ ಗಣಕಯಂತ್ರ ಸೇರಿದವು. ತಾಲ್ಲೂಕು ಕಚೇರಿಯ ಹಳೆಯ ಕಡತಗಳ ಚಿತ್ರ ತೆಗೆದಿಡುವ ಕಾರ್ಯವೂ ಈಚೆಗೆ ಆರಂಭವಾಗಿದೆ. ಶಾಲೆಗಳ ರಜಿಸ್ಟರು ಮಾತ್ರ ಮುರಿದ ಬೆಂಚುಗಳ ಕೋಣೆಯಲ್ಲಿ, ಗೆದ್ದಲಿನ ಬಾಯಿಗೆ ಬೀಳುವಂತೆ ಇರುತ್ತದೆ. ಹೊಸ ಕಟ್ಟಡಕ್ಕೆ ಕಲ್ಲಿನ ಮೇಲೆ ಹೆಸರು ಕೊರೆಸಿ ದಾನ ಕೊಡುವ ಮಹನೀಯರು ಒಂದು ಕಬ್ಬಿಣದ ಕಪಾಟಿಗೂ, ರಜಿಸ್ಟರುಗಳ ಪ್ರತಿ ಪುಟದ ಛಾಯಾಚಿತ್ರ ತೆಗೆಸುವ ವೆಚ್ಚಕ್ಕೂ ಮನಸ್ಸು ಮಾಡಿದರೆ ನೂರಾರು ಮನೆಗಳ ಚರಿತ್ರೆ ಉಳಿದೀತು. ಆದರೆ ಜಾತಿಯ ಕಲಂ ಇರುವ ಈ ಪುಸ್ತಕವನ್ನು ಯಾರು ಬೇಕಾದರೂ ಬಿಡಿಸಿ ನೋಡುವಂತಿರಬಾರದು. ತನ್ನ ಮನೆಯವರ ಸಾಲನ್ನು ಕೇಳಿ ಬಂದವನಿಗೆ ಆ ಸಾಲಿನ ನಕಲು ಕೊಟ್ಟರೆ ಸಾಕು; ನೆರೆಯವನ ಸಾಲು ಅವನಿಗೆ ಬೇಕಿಲ್ಲ.

ಹೆಳವರ ಪುಸ್ತಕಗಳ ವಿಷಯದಲ್ಲಿಯೂ ಒಂದು ಮಾತು. ಅವುಗಳನ್ನು ಉಳಿಸಬೇಕೆಂಬ ಉತ್ಸಾಹದಲ್ಲಿ ಪುಕ್ಕಟೆಯಾಗಿ ನಕಲು ಮಾಡಿಕೊಳ್ಳುವುದು ನ್ಯಾಯವಲ್ಲ. ಅದು ಅವರ ಹೊಟ್ಟೆಯ ಬುತ್ತಿ. ಒಪ್ಪಿಗೆ ಪಡೆದು, ತಕ್ಕ ಗೌರವಧನ ಕೊಟ್ಟು, ಅವರ ಹೆಸರನ್ನು ಮೊದಲ ಪುಟದಲ್ಲಿಯೇ ನಮೂದಿಸಿ ಬರೆದುಕೊಳ್ಳಬೇಕು. ಅವರ ಮಕ್ಕಳಿಗೆ ಪ್ರಸಾದ ನಿಲಯದಲ್ಲಿ ಒಂದು ಸ್ಥಳ ದೊರೆತರೆ ಅದು ಗೌರವಧನಕ್ಕಿಂತಲೂ ಹೆಚ್ಚಿನದು.

ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಯೂ ದೀಪಾವಳಿಯ ರಜೆಯಲ್ಲಿ ತನ್ನ ಮನೆಯ ವಂಶಾವಳಿಯನ್ನು ಬರೆದು ತರುವ ಪರಿಪಾಠ ಹಾಕಬಹುದು. ಹಾಳೆಯನ್ನು ಎರಡು ಭಾಗ ಮಾಡಿ, ಒಂದರಲ್ಲಿ ತಂದೆಯ ಕಡೆಯವರು, ಇನ್ನೊಂದರಲ್ಲಿ ತಾಯಿ, ತಾಯಿಯ ತಾಯಿ, ಆಕೆಯ ತಾಯಿ, ಅವರವರ ತವರೂರು, ತವರಿನ ಹೆಸರು, ಗಂಡನ ಮನೆಯ ಹೆಸರು. ಪ್ರತಿ ಹೆಸರಿನ ಮುಂದೆ ಅದನ್ನು ಹೇಳಿದವರು ಯಾರು, ಇಲ್ಲವೆ ಯಾವ ಕಾಗದದಲ್ಲಿ ಕಂಡಿತು ಎಂಬ ಒಂದು ಕಲಂ. ಕೇಳಿದ ಮಾತೂ ಕಂಡ ಕಾಗದವೂ ಹೊಂದದಿದ್ದರೆ ಎರಡನ್ನೂ ಹಾಗೆಯೇ ಬರೆದು ಬಿಡಬೇಕು, ತಿದ್ದಬಾರದು. ವಂಶ ತಿಳಿಯದ ಮಗು, ಸಾಕಿದವರ ಮನೆಯ ಮಗು ಇದ್ದರೆ ಸಾಕಿದವರ ಹೆಸರೇ ಮೊದಲ ಹೆಸರು. ಆ ಬಗ್ಗೆ ತರಗತಿಯಲ್ಲಿ ಪ್ರಶ್ನೆ ಏಳದಂತೆ ನೋಡಿಕೊಳ್ಳುವುದು ಮಾಸ್ತರರ ಕೆಲಸ. ಬರೆದು ತಂದ ಹಾಳೆಗಳನ್ನು ಅಂಕ ಕೊಟ್ಟು ಮರಳಿಸದೆ, ವರ್ಷವಾರು ಹೊಲಿಸಿ, ಆ ವರ್ಷದ ದಾಖಲಾತಿ ರಜಿಸ್ಟರಿನ ಪಕ್ಕದಲ್ಲಿ ಇಡಬೇಕು.